ಕೈಗೆ ದಾರ ಕಟ್ಟಿಸಿಕೊಂಡ ಅಪರಾಧಕ್ಕೆ

ವಿದ್ಯಾರ್ಥಿಗಳಿಗೆ ವಜೀಫಾ ಮಂಜೂರು ಮಾಡುವ ಮತ್ತು ಮನಸ್ಸು ಬಂದಾಗ ಕಿತ್ತುಕೊಳ್ಳುವ ದೊಡ್ಡ ಸಾಹೇಬರಿಗೆ,

ಮಾನ್ಯರೇ,

ನನ್ನ ತಂಗಿಯ ಮಗ ಉಮಾಪತಿ ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಇನ್ನೊಂದು ವರ್ಷ ಕಳೆದಿದ್ದರೆ ಇಂಜಿನಿಯರನೇ ಆಗಿಬಿಡುತ್ತಿದ್ದ. ತಾವು ಅವನ ಓದಿಗೆ ಸರ್ಕಾರ ಕೊಡುತ್ತಿದ್ದ ವಜೀಫಾ ರದ್ದು ಮಾಡಿ, ಕಾಲೇಜಿನ ಹಾಜರಿಯಿಂದ ಹೆಸರು ಹೊಡೆಸಿಹಾಕಿದಿರಿ. ಅವನು ಪರೀಕ್ಷೆಯಲ್ಲಿ ನಪಾಸಾಗಿರಲಿಲ್ಲ. ಯಾರ ಜೇಬಿಗೂ ಕೈ ಹಾಕಿರಲಿಲ್ಲ. ಸರ್ಕಾರದ ವಿರುದ್ಧ ಬಾವುಟ ಹಿಡಿದು ಬೀದಿಗಿಳಿದಿರಲಿಲ್ಲ. ಇಳಿದಿದ್ದರೆ ಹುಡುಗ ಏನೋ ಒಂದು ಮಾಡಿ ಕೆಟ್ಟ ಎಂಬ ಸಮಾಧಾನವಾದರೂ ನಮಗಿರುತ್ತಿತ್ತು. ಅವನು ಮಾಡಿದ್ದು ಇಷ್ಟೇ: ತನಗೆ ಚಿಕ್ಕಂದಿನಿಂದ ಸಂಗೀತ ಕಲಿಸಿದ ಉಸ್ತಾದರಿಂದ ಬಲಗೈಗೆ ಒಂದು ಕೆಂಪು ದಾರ ಕಟ್ಟಿಸಿಕೊಂಡ. ಒಂದು ನೂಲಿನ ಎಳೆಗೆ ಹೆದರಿದ ಸರ್ಕಾರವನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿದ್ದು ಇದೇ ಮೊದಲು.

ನಾನು ಗಂಗಾವತಿಯ ಪೇಟೆಯಲ್ಲಿ ಭತ್ತದ ಅಡತಿ ಅಂಗಡಿ ಇಟ್ಟವನು. ಮರಳಿ ಹಳ್ಳಿಯ ಕಡೆಯಿಂದ ಬರುವ ಗಾಡಿಗಳನ್ನು ಇಳಿಸಿಕೊಳ್ಳುವುದು, ತೂಗಿಸುವುದು, ರೈತನಿಗೂ ಸಾಹುಕಾರನಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಕಸುಬು. ತಮ್ಮ ಖಚೇರಿಗೆ ಅರ್ಜಿ ಬರೆದು ಬರೆದು ಕೈ ಸೋತ ಮೇಲೆ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ಇದು ನಮ್ಮ ಹೈದರಾಬಾದ್ ಸಂಸ್ಥಾನದೊಳಗೆ ಅಚ್ಚಾಗುವುದಿಲ್ಲವೆಂದು ನನಗೆ ಗೊತ್ತು. ಹಾಗಾಗಿ ಕೊಪ್ಪಳದಲ್ಲಿ ರೈಲು ಹತ್ತಿಸಿ, ಗಡಿ ದಾಟಿಸಿ, ಬ್ರಿಟಿಷರ ಮುಲುಕಿನ ಪತ್ರಿಕೆಯೊಂದಕ್ಕೆ ಕಳಿಸುತ್ತಿದ್ದೇನೆ. ನಮ್ಮ ಮನೆಯ ದುಃಖ ಹೇಳಿಕೊಳ್ಳಲು ಪರಸ್ಥಳಕ್ಕೆ ಹೋಗಬೇಕಾಗಿ ಬಂದದ್ದು ನನಗೇನೂ ಹೆಮ್ಮೆಯಲ್ಲ. ತಮಗೂ ಅದು ಹೆಮ್ಮೆಯಾಗಿರಲಾರದು.

ಮೊದಲು ಹುಡುಗನ ವಿಷಯ ಹೇಳುತ್ತೇನೆ. ಉಮಾಪತಿ ಯಲಬುರ್ಗಾದವನು. ನನ್ನ ತಂಗಿ ಕಳಕಮ್ಮನ ಗಂಡ ಅಲ್ಲಿ ಎರೆ ಹೊಲ ಮಾಡಿಕೊಂಡಿದ್ದಾನೆ, ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ. ಹುಡುಗ ಓದಿನಲ್ಲಿ ಚುರುಕು ಎಂದು ನಾನೇ ಗಂಗಾವತಿಗೆ ಕರೆತಂದು ನನ್ನ ಮನೆಯಲ್ಲಿಟ್ಟುಕೊಂಡು ಶಾಲೆಗೆ ಹಾಕಿದೆ. ನಮ್ಮ ಓಣಿಯ ಕೊನೆಯಲ್ಲಿ ಉಮರಸಾಬರ ಮನೆ. ಅವರು ಮೊದಲು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಕಂಪನಿ ಮುಳುಗಿ, ಮಾಲೀಕ ಪರದೆ ಪೆಟ್ಟಿಗೆಗಳನ್ನು ಬಿಟ್ಟು ಪರಾರಿಯಾದ ಮೇಲೆ ಇಲ್ಲಿಗೆ ಬಂದು ನೆಲೆಸಿದರು. ಹಾರ್ಮೋನಿಯಂ ದುರಸ್ತಿ ಮಾಡುತ್ತಾರೆ, ಬಂದವರಿಗೆ ಹಾಡು ಕಲಿಸುತ್ತಾರೆ. ಉಮಾಪತಿ ಶಾಲೆಯಿಂದ ಬಂದವನೇ ಪಾಟಿಚೀಲ ನನ್ನ ಅಂಗಡಿಯ ಚೀಲಗಳ ಮೇಲೆ ಒಗೆದು ಅವರ ಜಗಲಿಗೆ ಓಡುತ್ತಿದ್ದ. ನಾನು ಬೈದೆ. ಓದು ಕೆಡುತ್ತದೆ ಎಂದು ತಂಗಿಗೂ ಹೇಳಿ ಕಳಿಸಿದೆ. ಅವಳು ಯಲಬುರ್ಗಾದಿಂದ ಬಸ್ಸು ಹಿಡಿದು ಬಂದು ನನಗೇ ಬುದ್ಧಿ ಹೇಳಿದಳು.

“ಅಣ್ಣಾ, ಎರಡೂ ಕಲೀಲಿ ತಗೋ. ಒಂದ ಎತ್ತಿಗೆ ನೊಗಾ ಹ್ಯಾಂಗ ಕಟ್ಟತಿ ನೀ? ಜೋಡಿದ್ರ ಬಂಡಿ ನಡೀತೈತಿ.”

ಸಾಹೇಬರೇ, ಅಕ್ಷರ ಬಾರದ ಹೆಂಗಸಿನ ಮಾತು ಇದು. ಇದಕ್ಕಿಂತ ದೊಡ್ಡ ವಿದ್ಯಾನೀತಿಯೊಂದು ತಮ್ಮ ಖಚೇರಿಯಲ್ಲಿ ಇದ್ದರೆ ತೋರಿಸಿ, ನಾನು ಓದಿಸಿಕೊಳ್ಳುತ್ತೇನೆ.

ಉಸ್ತಾದರಾದರೂ ಹುಡುಗನನ್ನು ಓದು ಬಿಡಿಸಿ ಹಾಡಿಗೆ ಎಳೆದುಕೊಂಡವರಲ್ಲ. ಹೈಸ್ಕೂಲು ಮುಗಿದ ವರ್ಷ ಉಮಾಪತಿ ಕಾಲೇಜು ಬೇಡ, ನಿಮ್ಮ ಹತ್ತಿರವೇ ಇರುತ್ತೇನೆ ಎಂದು ಹಟ ಹಿಡಿದಾಗ ಅವರು ಅವನ ಕಿವಿ ಹಿಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. “ಮೊದಲ ಕಾಲೇಜಿಗೆ ನಡಿ, ಹುಚ್ಚಪ್ಯಾಲಿ. ಹಸದ ಹೊಟ್ಟ್ಯಾಗ ಷಡ್ಜ ನಿಲ್ಲಂಗಿಲ್ಲ. ನಾ ಹಸದು ನೋಡೀನಿ, ನನಗ ಗೊತ್ತೈತಿ. ಕೈಯಾಗ ಒಂದ ಕಸಬು ಇಟಗೊಂಡು ಬಾ, ಆಮ್ಯಾಲ ಹಾಡು,” ಎಂದರು. ಹುಡುಗ ಕಾಲೇಜಿಗೆ ಅರ್ಜಿ ಹಾಕಿದ್ದು ಆ ಮಾತಿಗೆ. ವಜೀಫಾ ಕೊಡುವ ಮೊದಲು ತಾವು ಅವನನ್ನು ಕರೆಸಿ ಮಾತಾಡಿಸಿದಿರಿ. ಈ ಕನ್ನಡದ ಹುಡುಗನ ಉರ್ದು ಉಚ್ಚಾರ ಇಷ್ಟು ಶುದ್ಧ ಹೇಗೆ ಎಂದು ಮೆಚ್ಚಿಕೊಂಡಿರಿ. ಆಗ ಅವನು ನಾಚಿ ಸುಮ್ಮನೆ ನಿಂತ. ಉತ್ತರ ಈಗ ನಾನು ಕೊಡುತ್ತೇನೆ. ತಮ್ಮ ಶಾಲೆಗಳಲ್ಲಿ ಉರ್ದು ಕಲಿಸುವ ಮಾಸ್ತರರು ಬೆತ್ತ ಒಂದನ್ನು ಶುದ್ಧವಾಗಿ ಬಳಸುತ್ತಾರೆ, ಉಚ್ಚಾರವನ್ನಲ್ಲ. ಆ ಉಚ್ಚಾರ ಉಮರಸಾಬರ ಜಗಲಿಯಲ್ಲಿ ಉರ್ದು ಹಾಡಿನ ಚೀಜುಗಳನ್ನು ಹಾಡಿ ಹಾಡಿ ಬಂದದ್ದು. ಅಂದರೆ ತಾವು ವಜೀಫಾ ಕೊಟ್ಟದ್ದು ಅವನ ಸಂಗೀತಕ್ಕೆ, ಕಿತ್ತುಕೊಂಡದ್ದೂ ಅವನ ಸಂಗೀತಕ್ಕೆ. ಇದಕ್ಕೆ ಏನನ್ನಬೇಕೋ ತಾವೇ ಹೇಳಿ.

ಕಾಲೇಜಿನಲ್ಲಿ ಅವನ ಓದಿಗೆ ಕುಂದು ಬಂದಿತ್ತೇ? ಬಂದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಹುಡುಗನಿಗೇ ನಾಲ್ಕು ಬಿಗಿಯುತ್ತಿದ್ದೆ. ನೀರಿನ ಲೆಕ್ಕ, ಕಟ್ಟಡದ ಲೆಕ್ಕ ಎರಡರಲ್ಲೂ ಮೊದಲಿಗರ ಸಾಲಿನಲ್ಲಿದ್ದ. ಉಳಿದ ಹುಡುಗರು ಇನ್ನೂ ಮಲಗಿರುವಾಗ ಎದ್ದು ಹಾಸ್ಟೆಲಿನ ಹಿಂದಿನ ಬೇವಿನ ಗಿಡದ ಕೆಳಗೆ ಕೂತು ಸ್ವರ ಹಚ್ಚುತ್ತಿದ್ದ, ಆಮೇಲೆ ತರಗತಿಗೆ ಹೋಗುತ್ತಿದ್ದ. ಬೆಳಗ್ಗೆ ಹಾಡದ ದಿನ ಲೆಕ್ಕದಲ್ಲಿ ತಲೆ ಓಡುವುದಿಲ್ಲ ಮಾವ ಎಂದು ನನಗೆ ಹೇಳುತ್ತಿದ್ದ. ನಾನು ನಂಬಿರಲಿಲ್ಲ. ಅಡತಿಯವನಿಗೆ ತೂಗಿ ನೋಡಲಾಗದ ಯಾವುದರ ಮೇಲೂ ನಂಬಿಕೆ ಕಡಿಮೆ. ಆದರೆ ಅವನ ಅಂಕಗಳು ಅವನ ಮಾತಿಗೆ ಸಾಕ್ಷಿ ಹೇಳುತ್ತಿದ್ದವು.

ಇನ್ನು ದಾರದ ವಿಷಯ. ಹಿಂದುಸ್ತಾನಿ ಸಂಗೀತ ಕಲಿಸುವವರಲ್ಲಿ ಒಂದು ಪದ್ಧತಿಯುಂಟು. ಹತ್ತಾರು ಜನ ಕಲಿಯಲು ಬಂದು ಹೋಗುತ್ತಾರೆ, ಅವರೆಲ್ಲ ಶಿಷ್ಯರಲ್ಲ. ವರ್ಷಗಟ್ಟಲೆ ನೋಡಿ, ಇವನು ನಮ್ಮ ವಿದ್ಯೆ ಉಳಿಸಬಲ್ಲ ಎನಿಸಿದವನ ಕೈಗೆ ಮಾತ್ರ ಉಸ್ತಾದರು ನಾಲ್ಕು ಜನ ಹಿರಿಯರ ಎದುರು ದಾರ ಕಟ್ಟುತ್ತಾರೆ, ಬಾಯಿಗೆ ಕಡಲೆ ಬೆಲ್ಲ ಹಾಕುತ್ತಾರೆ. ವಿದ್ಯೆ ಅನ್ನುವುದು ಕಬ್ಬಿಣದ ಕಡಲೆ, ಹಲ್ಲು ಗಟ್ಟಿ ಇದ್ದರೆ ಅಗಿ, ಅಗಿದವನಿಗೆ ಸಿಹಿಯೂ ಉಂಟು ಎಂದು ಅದರ ಅರ್ಥವಂತೆ. ಆ ಮೇಲೆ ಅವನು ಅವರ ಶಾಗಿರ್ದ. ಎಲ್ಲಿಗೆ ಹಾಡಲು ಹೋದರೂ ಮೊದಲು ಕೇಳುವುದು, ಯಾರ ಶಾಗಿರ್ದ ಎಂದು. ಆ ಪ್ರಶ್ನೆಗೆ ಉತ್ತರ ಇಲ್ಲದವನನ್ನು ಯಾವ ಬೈಠಕ್ಕಿನಲ್ಲೂ ಕೂರಿಸುವುದಿಲ್ಲ. ಉಮರಸಾಬರು ತಮ್ಮ ಜೀವಮಾನದಲ್ಲಿ ಬೇರೆ ಯಾರಿಗೂ ದಾರ ಕಟ್ಟಿದವರಲ್ಲ. ಬೇಸಿಗೆಯ ರಜೆಗೆ ಉಮಾಪತಿ ಬಂದಾಗ ಒಂದು ಗುರುವಾರ ಅವರ ಮನೆಯ ಪಡಸಾಲೆಯಲ್ಲಿ ಈ ಕಾರ್ಯ ಆಯಿತು. ಉಸ್ತಾದರ ಹೆಂಡತಿ ಶಾಹಜಾದಬಿ ಊದುಬತ್ತಿ ಹಚ್ಚಿಟ್ಟರು. ನನ್ನ ತಂಗಿ ಹೊಸ ಸೀರೆ ಉಟ್ಟು, ಮಗನ ಲಗ್ನವೇ ಆಯಿತೇನೋ ಎಂಬಂತೆ ಓಡಾಡಿದಳು. ಉಸ್ತಾದರು ಕೆಂಪು ದಾರ ಸುತ್ತಿ ಗಂಟು ಹಾಕುವಾಗ ನನ್ನ ಕಣ್ಣು ತುಂಬಿ ಬಂತು. ಅಡತಿಯವನ ಕಣ್ಣೂ ತುಂಬುತ್ತದೆ ಸಾಹೇಬರೇ.

ಕಾರ್ಯ ಮುಗಿದ ಮೇಲೆ ಕಡಲೆ ಬೆಲ್ಲ ಬೀರುವುದು ಉಳಿಯಿತು. ನಮ್ಮ ಕಡೆ ಮನೆಯಲ್ಲಿ ಯಾವ ಶುಭವಾದರೂ ಉಪಕಾರ ಮಾಡಿದವರ ಮನೆಗೆ ಮೊದಲು ಬೀರಬೇಕು, ಆಮೇಲೆ ಬೀಗರಿಗೆ, ಆಮೇಲೆ ಓಣಿಗೆ. ತಾವು ಆ ವಾರ ಶಾಲೆಗಳ ತಪಾಸಣೆಯ ದೌರೆಗೆ ಬಂದು ಗಂಗಾವತಿಯ ಮುಸಾಫರ ಬಂಗಲೆಯಲ್ಲಿ ಇಳಿದುಕೊಂಡಿದ್ದಿರಿ. ಕಳಕಮ್ಮ ದೊಡ್ಡ ತಟ್ಟೆಯಲ್ಲಿ ಕಡಲೆ ಬೆಲ್ಲ ಹಾಕಿ, ಮೇಲೆ ತೊಳೆದ ವಸ್ತ್ರ ಮುಚ್ಚಿ ನನ್ನ ಕೈಗೆ ಕೊಟ್ಟಳು.

“ಅಣ್ಣಾ, ಮೊದಲ ಸಾಹೇಬ್ರಿಗೆ ಕೊಟ್ಟ ಬಾ. ಹುಡುಗನ ಅನ್ನಕ್ಕ ದಾರಿ ಮಾಡಿದವ್ರು ಅವ್ರು. ಅವ್ರಿಗೆ ಬಿಟ್ಟು ಬ್ಯಾರೇದವ್ರಿಗೆ ಬೀರಿದ್ರ ದೇವ್ರು ಮೆಚ್ಚಾಂಗಿಲ್ಲ.”

ತಟ್ಟೆ ಹಿಡಿದು ಬಂದೆ. ತಾವು ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ತಮ್ಮದೇ ಒಂದು ಗಜಲು ಓದುತ್ತಿದ್ದಿರಿ. ಸುತ್ತ ನಾಲ್ಕಾರು ಜನ ಅಧಿಕಾರಿಗಳು ಅರ್ಥವಾದ ಕಡೆಯೂ ಆಗದ ಕಡೆಯೂ ವಾಹ್ ವಾಹ್ ಎನ್ನುತ್ತಿದ್ದರು. ಈ ಸಾಲು ಮೊದಲು ಹೀಗಿರಲಿಲ್ಲ, ನನಗೆ ಕಾವ್ಯ ಕಲಿಸಿದ ಉಸ್ತಾದರು ತಿದ್ದಿಕೊಟ್ಟರು ಎಂದು ತಾವು ಅವರಿಗೆ ವಿನಯದಿಂದ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನನ್ನನ್ನು ನೋಡಿ ಏನು ವಿಶೇಷ ಎಂದು ಕೇಳಿದಿರಿ. ನಾನು ನಡೆದದ್ದನ್ನೆಲ್ಲ ಹಿಗ್ಗಿನಿಂದ ಹೇಳಿದೆ. ತಾವು ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು, ಈ ದಾರದ ಬಂಧನ ಎಷ್ಟು ಕಾಲದ್ದು ಎಂದು ನಗುತ್ತ ವಿಚಾರಿಸಿದಿರಿ. “ಸಾಯೂತನಕಾರೀ ಸಾಹೇಬ್ರ,” ಎಂದೆ ನಾನು. ಎದೆ ಉಬ್ಬಿಸಿಕೊಂಡೇ ಎಂದೆ. ಅದು ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಮನೆಯ ಸಂತೋಷವನ್ನು ದೊಡ್ಡವರ ಮುಂದೆ ಮುಚ್ಚಿಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಈಗ ಕಲಿತೆವು.

ರಜೆ ಮುಗಿಸಿ ಉಮಾಪತಿ ಹೈದರಾಬಾದಿಗೆ ಹೊರಡುವ ಮೊದಲೇ ತಮ್ಮ ಹುಕುಂ ಬಂತು. ಅದು ಉರ್ದುವಿನಲ್ಲಿತ್ತು, ಓದಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಂಡೆ. ವಜೀಫಾ ಪಡೆಯುವವನು ಸರ್ಕಾರದ ಹೊರತು ಬೇರೆ ಯಾರ ತಾಬೆದಾರಿಗೂ ಕರಾರಿಗೂ ಒಳಪಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದಾನೆ. ಹೀಗಿದ್ದೂ ಮೂರನೆಯವನೊಬ್ಬನೊಂದಿಗೆ ಆಜೀವ ಪರ್ಯಂತದ ಕರಾರು ಮಾಡಿಕೊಂಡಿರುವುದು ಅವನ ಸೋದರಮಾವನ ಹೇಳಿಕೆಯಿಂದಲೇ ಸಿದ್ಧವಾಗಿದೆ. ಆದ್ದರಿಂದ ವಜೀಫಾ ರದ್ದು, ಕಾಲೇಜಿನ ಹಾಜರಿಯಿಂದ ಹೆಸರೂ ವಜಾ. ಇಷ್ಟು ಅದರ ತಾತ್ಪರ್ಯ. ನಾನು ಪ್ರೀತಿಯಿಂದ ತಂದ ಕಡಲೆ ಬೆಲ್ಲವನ್ನು ತಾವು ಪಂಚನಾಮೆ ಮಾಡಿಕೊಂಡಿದ್ದಿರಿ ಎಂದು ನನಗೆ ಆಗ ತಿಳಿಯಿತು. ಬಾಯಿಯಲ್ಲಿ ಬೆಲ್ಲ ಕರಗುವಾಗಲೇ ತಲೆಯಲ್ಲಿ ಕಲಮು ಹುಡುಕುತ್ತಿದ್ದಿರೋ, ಅಥವಾ ಅದು ಆಮೇಲೆ ಹೊಳೆಯಿತೋ, ತಿಳಿಯುವ ಕುತೂಹಲ ನನಗಿದೆ.

ಈಗ ತಮ್ಮೊಂದಿಗೆ ಸ್ವಲ್ಪ ವಾದ ಮಾಡುತ್ತೇನೆ, ಸಿಟ್ಟಾಗಬಾರದು. ತಾವು ಹಗಲು ಅಧಿಕಾರಿ, ಸಂಜೆ ಶಾಯರ. ತಮಗೆ ಕಾವ್ಯನಾಮವುಂಟು, ಮುಶಾಯಿರಾಗಳಲ್ಲಿ ತಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ತಮಗೂ ಒಬ್ಬ ಉಸ್ತಾದರಿದ್ದಾರೆ, ಅವರು ತಿದ್ದಿದ ಸಾಲನ್ನು ತಾವು ಮತ್ತೆ ಮುಟ್ಟುವುದಿಲ್ಲ. ಇದು ತಾಬೆದಾರಿಯಲ್ಲವೇ? ತಮ್ಮ ಮಣಿಕಟ್ಟಿನಲ್ಲಿ ದಾರ ಇಲ್ಲ, ಗಡಿಯಾರ ಇದೆ, ವ್ಯತ್ಯಾಸ ಅಷ್ಟೇ. ಸರ್ಕಾರಿ ಸಂಬಳ ತಿನ್ನುತ್ತ ಕವಿತೆ ಬರೆಯುವುದು ಶರೀಫರ, ಮರ್ಯಾದಸ್ಥರ ಲಕ್ಷಣ. ಸರ್ಕಾರಿ ವಜೀಫಾ ತಿನ್ನುತ್ತ ಹಾಡು ಕಲಿಯುವುದು ಕರಾರು ಮುರಿದಂತೆ. ನಮ್ಮ ಕಡೆಯ ದಫ್ತರಗಳಲ್ಲಿ ಗಜಲು ಬರೆಯದ ಮುನ್ಷಿಯನ್ನು ನಾನಂತೂ ಕಂಡಿಲ್ಲ. ಅವರ ಮೇಲೆಲ್ಲ ಹುಕುಂ ಹೊರಡಿಸಿದರೆ ನಾಳೆ ಖಚೇರಿಗಳ ಬೀಗ ತೆಗೆಯಲೂ ಜನ ಸಿಗಲಿಕ್ಕಿಲ್ಲ.

ಊರಿನವರ ಮಾತಿಗೆ ಬಂದರೆ, ಮರಳಿಯಲ್ಲಿ ಹಗಲೆಲ್ಲ ಗದ್ದೆಯ ಕೆಸರಿನಲ್ಲಿ ನಿಂತವನು ಬಯಲಾಟದ ದಿನ ಕಿರೀಟ ಇಟ್ಟುಕೊಂಡು ಭೀಮನಾಗುತ್ತಾನೆ. ಅದಕ್ಕೆ ಅವನ ಭತ್ತ ಜೊಳ್ಳಾಗಿದ್ದನ್ನು ನಾನು ಕಾಣೆ, ಮತ್ತು ಭತ್ತದ ವಿಷಯದಲ್ಲಿ ನನ್ನ ಮಾತು ನಂಬಬಹುದು. ನೇಯುವವರು ಮಗ್ಗದ ಮುಂದೆ ಹಾಡುತ್ತಾರೆ, ಬೀಸುವವರು ಬೀಸುವ ಕಲ್ಲಿನ ಮುಂದೆ ಹಾಡುತ್ತಾರೆ. ಹಾಡು ಒಂದು ಕೆಲಸವನ್ನೂ ಕೆಡಿಸಿದ್ದಿಲ್ಲ. ತಾವು ಬಯಸುವ ಇಂಜಿನಿಯರ ಎಂಥವನು? ಸೇತುವೆ ಕಟ್ಟಬೇಕು, ಅದರ ಕೆಳಗೆ ಹರಿಯುವ ನೀರಿನ ಸಪ್ಪಳ ಮಾತ್ರ ಕೇಳಿಸಬಾರದು, ಅಂಥವನೇ? ಅಂಥವನನ್ನು ತಯಾರಿಸಲು ಕಾಲೇಜು ಯಾಕೆ, ಕಿವಿಯಲ್ಲಿ ಕಾದ ಸೀಸ ಹೊಯ್ದರೆ ಸಾಕಲ್ಲ.

ಈ ಹುಕುಮಿನ ಸುದ್ದಿ ಹರಡಿದಾಗ ಇದನ್ನು ಹಿಂದೂ ಮುಸಲ್ಮಾನರ ತಕರಾರು ಮಾಡಲು ಬಂದವರೂ ಇದ್ದರು. ಸಾಬರ ಕೈಯಿಂದ ದಾರ ಕಟ್ಟಿಸಿಕೊಂಡದ್ದಕ್ಕೇ ಹೀಗಾಯಿತು ಎಂದು ನಮ್ಮವರು ಕೆಲವರು, ಕಾಫರನಿಗೆ ಕಟ್ಟಿದ್ದಕ್ಕೇ ಹೀಗಾಯಿತು ಎಂದು ಅವರವರು ಕೆಲವರು. ಇಬ್ಬರನ್ನೂ ನನ್ನ ಅಂಗಡಿಯ ಕಟ್ಟೆಯಿಂದ ಇಳಿಸಿ ಕಳಿಸಿದೆ. ಇಲ್ಲಿ ತಪ್ಪು ಮಾಡಿದ್ದು ಯಾವ ಜಾತಿಯೂ ಅಲ್ಲ, ಒಂದು ಖಚೇರಿ.

ನಾನು ಹುಡುಗನನ್ನು ಕರೆದುಕೊಂಡು ತಮ್ಮ ಖಚೇರಿಗೆ ಬಂದೆ. ತಮ್ಮ ದರ್ಶನ ಆಗಲಿಲ್ಲ. ತಮ್ಮ ಕಾಗದಪತ್ರ ನೋಡುವ ಪೇಶಕಾರ, ಕುಷ್ಟಗಿಯ ಕಡೆಯವರು, ಒಳ್ಳೆಯ ಮನುಷ್ಯರೇ, ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿದರು.

“ನೋಡ್ರಿ, ಎರಡ ದೋಣ್ಯಾಗ ಕಾಲಿಡಬ್ಯಾಡ್ರಿ. ದಾರ ತಗಸ್ರಿ. ಉಸ್ತಾದಗೂ ನನಗೂ ಸಂಬಂಧ ಇಲ್ಲ ಅಂತ ಆಣಿ ಮಾಡಿ ಹಲಫನಾಮಾ ಬರಕೊಡ್ರಿ. ಸಾಹೇಬ್ರ ಮನಸ ಮೆತ್ತಗ ಆಗತೈತಿ.”

“ನಮ್ಮ ಹೊಳ್ಯಾಗ ದೋಣಿ ಎಲ್ಲಿ ಅದಾವ್ರಿ?” ಎಂದೆ ನಾನು. “ಹರಿಗೋಲ ಐತ್ರಿ. ಅದರಾಗ ಕುರಿನೂ ಕೂಡತಾವು, ಭತ್ತದ ಚೀಲನೂ ಕೂಡತಾವು, ಮದಲಗಿತ್ತಿನೂ ಕೂಡತಾಳ. ಒಂದೂ ಮುಳಗಿಲ್ಲ.”

ಪೇಶಕಾರರು ನಕ್ಕರು, ಆದರೆ ದನಿ ತಗ್ಗಿಸಿ, “ವಿರುಪಣ್ಣಾರ, ಮಾತಿನಾಗ ಗೆದ್ದು ಏನ ಮಾಡತೀರಿ? ಹುಡುಗನ ವರ್ಷ ಹೊಕ್ಕೈತಿ,” ಎಂದರು. ಅದು ನಿಜವಾಗಿತ್ತು. ಬಸ್ಸಿನಲ್ಲಿ ಊರಿಗೆ ಮರಳುವಾಗ ಉಮಾಪತಿ ದಾರಿಯುದ್ದಕ್ಕೂ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದ. ಮನೆಯಲ್ಲಿ ಕಳಕಮ್ಮ ಅತ್ತಳು, ನಾನು ಕೂಗಾಡಿದೆ, ಅವಳ ಗಂಡ ಯಲಬುರ್ಗಾದಿಂದ ಬಂದು ಒಂದೇ ಮಾತು ಆಡಿದ: ಓದು ಮುಗಿಯಲಿ. ಮಗ ಇಂಜಿನಿಯರನಾದ ಮೇಲೆ ಉಸ್ತಾದರನ್ನೂ ಸಾಕಬಹುದು, ಹಾಡನ್ನೂ ಉಳಿಸಬಹುದು ಎಂದು ನಾವು ದೊಡ್ಡವರೆಲ್ಲ ಸೇರಿ ಅವನನ್ನು ಒಪ್ಪಿಸಿದೆವು.

ಮರುದಿನ ಉಮಾಪತಿ ಮತ್ತು ನಾನು ಉಮರಸಾಬರ ಮನೆಗೆ ಹೋದೆವು. ನಾನು ವಿಷಯ ಹೇಳಿದೆ. ಹುಡುಗ ತಲೆ ಎತ್ತಲಿಲ್ಲ. ಉಸ್ತಾದರು ಎಲ್ಲ ಕೇಳಿ, ಊಟ ಆಗಿದೆಯೇ ಎಂದು ವಿಚಾರಿಸಿ, ಆಮೇಲೆ ಅವನ ಕೈ ತಮ್ಮ ತೊಡೆಯ ಮೇಲೆ ಎಳೆದುಕೊಂಡರು. ದಿನಾ ನೀರು ಬಿದ್ದು ಗಂಟು ಬಿಗಿದುಕೊಂಡಿತ್ತು. ಶಾಹಜಾದಬಿ ಈಳಿಗೆ ತಂದು ಮುಂದಿಟ್ಟರೆ ಬೇಡವೆಂದು ಸರಿಸಿದರು. ಕಣ್ಣು ಸರಿಯಾಗಿ ಕಾಣದ ಮುದುಕ ಉಗುರಿನಿಂದ ಗಂಟನ್ನು ಕೆದಕುತ್ತ ಕೂತರು. ನಾವು ನೋಡುತ್ತ ಕೂತೆವು.

“ನೀ ಬಿಚ್ಚಿಲ್ಲ ಮಗಾ, ನಾ ಬಿಚ್ಚೀನಿ. ಯಾರರ ಕೇಳಿದ್ರ ಹಂಗ ಹೇಳು. ಪಾಪ ನನ್ನ ಕಡೆ ಇರಲಿ,” ಎಂದರು ದಾರ ಕೈಗೆ ಬಂದಾಗ.

ನಾನು ಧೈರ್ಯ ಮಾಡಿ ಕೇಳಿದೆ: “ಉಸ್ತಾದ್ರ, ಕಾಲೇಜು ಮುಗದ ಮ್ಯಾಲ ಮತ್ತ ಕಟ್ಟತೀರಲ್ರಿ?”

“ಇಲ್ಲ ವಿರುಪಣ್ಣಾರ. ಬಿಚ್ಚಿದ ಕೈಗೆ ಮತ್ತ ಕಟ್ಟೂದು ನಮ್ಮಲ್ಲಿ ಇಲ್ರಿ. ನಮ್ಮ ಉಸ್ತಾದ್ರು ಕಟ್ಟಿಲ್ಲ, ಅವರ ಉಸ್ತಾದ್ರು ಕಟ್ಟಿಲ್ಲ. ಬಂದ್ರ ಕಲಿಸೇನಿ, ಬಾಗಲಾ ಹಾಕಂಗಿಲ್ಲ. ಆದ್ರ ಇಂಥವರ ಶಾಗಿರ್ದ ಅಂತ ಅವ ಇನ್ನ ಎಲ್ಲೂ ಹೇಳಾಕ ಬರೂದಿಲ್ಲ.” ದಾರವನ್ನು ನನ್ನ ಕೈಗೆ ಕೊಡುತ್ತ, “ಹೇಳಾಕ ನನಗೂ ಮತ್ತ್ಯಾರೂ ಇಲ್ಲ,” ಎಂದರು.

ಆ ಮನೆಯಿಂದ ಎದ್ದು ಬಂದದ್ದು ಹೇಗೆಂದು ನನಗೆ ನೆನಪಿಲ್ಲ. ಹಲಫನಾಮಾ ಬರೆಸಿದೆವು. ದಾರವನ್ನೂ ಅದರ ಜೊತೆ ಲಗತ್ತಿಸಬೇಕೆಂದು ಪೇಶಕಾರರು ಹೇಳಿದ್ದರಿಂದ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟೆವು. ಅದು ಈಗ ತಮ್ಮ ಯಾವುದೋ ಕಪಾಟಿನಲ್ಲಿ ಧೂಳು ತಿನ್ನುತ್ತಿರಬೇಕು.

ತಮ್ಮ ಎರಡನೆಯ ಹುಕುಂ ಬಂದದ್ದು ಆಮೇಲೆ. ಸಾಹೇಬರೇ, ನಾನು ಪೇಟೆಯಲ್ಲಿ ಬೆಳೆದವನು, ಅನೇಕ ಮೋಸ ನೋಡಿದ್ದೇನೆ. ತಕ್ಕಡಿಯ ಕೆಳಗೆ ಅಂಟು ಹಚ್ಚುವವರನ್ನು ನೋಡಿದ್ದೇನೆ, ಭತ್ತದಲ್ಲಿ ಮರಳು ಬೆರೆಸುವವರನ್ನು ನೋಡಿದ್ದೇನೆ. ಆದರೆ ಇಂಥ ಕೌಶಲ್ಯ ಕಂಡಿರಲಿಲ್ಲ. ತಾವು ಬರೆಸಿದಿರಿ: ಅರ್ಜಿದಾರನು ಆಜೀವ ಪರ್ಯಂತ ಪಾಲಿಸಬೇಕಾಗಿದ್ದ ಕರಾರನ್ನು ಸ್ವಂತ ಲಾಭಕ್ಕಾಗಿ ಇಷ್ಟು ಸುಲಭವಾಗಿ ಮುರಿದಿರುವುದು ಅವನದೇ ಹಲಫನಾಮೆಯಿಂದ ಕಂಡುಬಂದಿದೆ, ಇಂಥವನು ಬರೆದುಕೊಡುವ ಮುಚ್ಚಳಿಕೆಯನ್ನು ಸರ್ಕಾರವು ನಂಬಲು ಬರುವುದಿಲ್ಲ, ಅರ್ಜಿ ವಜಾ. ದಾರ ಕಟ್ಟಿಕೊಂಡದ್ದಕ್ಕೆ ಒಂದು ಸಲ ಹೊರಗೆ ಹಾಕಿದಿರಿ, ಬಿಚ್ಚಿದ್ದಕ್ಕೆ ಇನ್ನೊಂದು ಸಲ. ತಮ್ಮ ಖಚೇರಿಯ ಬಾಗಿಲು ಎರಡು ಕಡೆಯಿಂದಲೂ ಹೊರಕ್ಕೇ ತೆರೆಯುತ್ತದೆ ಎಂದು ಮೊದಲೇ ಹೇಳಿದ್ದರೆ ಒಂದು ಸಲದ ಬಸ್ಸಿನ ಪ್ರಯಾಣವಾದರೂ ಉಳಿಯುತ್ತಿತ್ತು. ಉಸ್ತಾದರ ಮನೆಗೆ ಹೋಗುವುದೂ ತಪ್ಪುತ್ತಿತ್ತು.

ನಾನು ಸಿಟ್ಟಿನಿಂದ ಆ ಹುಕುಮನ್ನು ಹರಿಯಲು ಹೋದೆ. ಉಮಾಪತಿ ಕೈ ಹಿಡಿದ.

“ಬ್ಯಾಡ ಮಾವಾ. ಅವ್ರು ಬರದಿದ್ದು ಖರೇ ಐತಲ್ಲ.”

“ಏನ ಖರೇ? ಏನ ಖರೇ ಐತಿ ಅದರಾಗ?”

“ನಾ ಮುರದೀನಲ್ಲ.”

ನಾನು ಆ ಹುಕುಮನ್ನು ಮಡಚಿಟ್ಟೆ. ಅವನ ಈ ಮಾತಿಗೆ ತಮ್ಮ ಹತ್ತಿರ ಉತ್ತರ ಇದೆಯೇ? ಉಸ್ತಾದರು ಪಾಪ ನನ್ನ ಕಡೆ ಇರಲಿ ಎಂದರು, ನಾವು ಅದನ್ನು ತಮ್ಮ ಮೇಲೆ ಹಾಕುತ್ತಿದ್ದೇವೆ, ತಾವು ನಿಯಮದ ಮೇಲೆ ಹಾಕುತ್ತೀರಿ. ಆ ಹುಡುಗ ಮಾತ್ರ ಅದನ್ನು ಯಾರಿಗೂ ಬಿಟ್ಟುಕೊಡದೆ ತಾನೇ ಹೊತ್ತುಕೊಂಡು ತಿರುಗುತ್ತಿದ್ದಾನೆ.

ಈಗ ಹೊಳೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದಿದೆ. ಇಂಜಿನಿಯರುಗಳು ಸಾಲುತ್ತಿಲ್ಲ, ಹೊರಗಿನಿಂದ ಕರೆಸಬೇಕಾಗಿದೆ ಎಂದು ತಮ್ಮಂಥವರೇ ಭಾಷಣಗಳಲ್ಲಿ ಕೊರಗುತ್ತೀರಂತೆ. ಆ ಕೆಲಸದ ಜಾಗದಲ್ಲಿ ಒಬ್ಬ ಗುತ್ತೇದಾರನ ಕೈಕೆಳಗೆ ಉಮಾಪತಿ ಮುಕಾದಮ ಆಗಿದ್ದಾನೆ. ಕಲ್ಲಿನ ಗುಡ್ಡೆಗಳನ್ನು ಅಳೆದು ಹೇಳುವುದು ಅವನ ಕೆಲಸ. ನಾನು ನೋಡಲು ಹೋದಾಗ ಮಾತಾಡಿದ, ಚಹಾ ಕುಡಿಸಿದ, ಅವ್ವನ ಆರೋಗ್ಯ ಕೇಳಿದ. ಬೆಳಗ್ಗೆ ಹಾಡುತ್ತೀಯಾ ಎಂದೆ. ಇಲ್ಲಿ ಬೆಳಗ್ಗೆಯೇ ಕಲ್ಲು ಒಡೆಯಲು ಸುರಂಗದ ಮದ್ದು ಹಾರಿಸುತ್ತಾರೆ ಮಾವ ಎಂದ. ಉಸ್ತಾದರು ಕರೆದಿದ್ದಾರೆ ಎಂದೆ. ಅವನು ಕಲ್ಲಿನ ಕಡೆ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅವನಿಗೆ ಎರಡು ಕೈಯ ಎರಡು ತುತ್ತೂ ಹೋದವು. ಉಮರಸಾಬರ ಜಗಲಿಯಲ್ಲಿ ಈಗ ಹಾರ್ಮೋನಿಯಂ ದುರಸ್ತಿ ಮಾತ್ರ ನಡೆಯುತ್ತದೆ. ಕಲಿಯಲು ಬಂದವರನ್ನು ಅವರು ಹಿಂದಕ್ಕೆ ಕಳಿಸುತ್ತಾರೆ. ಅವರು ಸತ್ತರೆ ಅವರ ಹಾಡು ಯಾರದು ಎಂದು ಕೇಳಲು ಜನವಿಲ್ಲ, ಉತ್ತರ ಹೇಳಲೂ ಜನವಿಲ್ಲ.

ಅವನನ್ನು ಮತ್ತೆ ಕಾಲೇಜಿಗೆ ಸೇರಿಸಿಕೊಳ್ಳಿ ಎಂದು ಬೇಡಲು ನಾನು ಈ ಪತ್ರ ಬರೆಯುತ್ತಿಲ್ಲ. ಬೇಡಿ ಆಗಿದೆ. ಉಮಾಪತಿಯೂ ನನ್ನ ಹೆಸರು ಎತ್ತಬೇಡ ಮಾವ ಎಂದಿದ್ದಾನೆ. ಆದರೂ ಎತ್ತಿದ್ದೇನೆ, ಅದಕ್ಕೆ ಅವನಿಂದ ಬೈಸಿಕೊಳ್ಳುತ್ತೇನೆ. ನ್ಯಾಯ ಸಿಗುತ್ತದೆಂಬ ಭ್ರಮೆ ನನಗಿಲ್ಲ. ನನ್ನ ಬೇಡಿಕೆ ಬೇರೆ ಇದೆ, ಅದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ.

ಹೋದ ವಾರ ಯಲಬುರ್ಗಾಕ್ಕೆ ಹೋಗಿದ್ದೆ. ಕಳಕಮ್ಮನಿಗೆ ಒಬ್ಬ ಮಗಳೂ ಇದ್ದಾಳೆ, ಹುಲಿಗವ್ವ. ಹೆಣ್ಣುಮಕ್ಕಳ ಶಾಲೆಗೆ ಹೋಗುತ್ತಾಳೆ, ಲೆಕ್ಕದಲ್ಲಿ ಅಣ್ಣನಷ್ಟೇ ಚುರುಕು. ನಾನು ಹೊಸ್ತಿಲು ದಾಟುವಾಗ ತಾಯಿ ಮಗಳು ಎದುರುಬದುರು ಕೂತು ಜೋಳ ಬೀಸುತ್ತಿದ್ದರು. ಬೀಸುವ ಕಲ್ಲು ತಿರುಗತೊಡಗಿದರೆ ನಮ್ಮ ಹೆಣ್ಣುಮಕ್ಕಳಿಗೆ ಹಾಡು ತಾನಾಗಿ ಬರುತ್ತದೆ. ಹುಲಿಗವ್ವ ಒಂದು ನುಡಿ ಎತ್ತಿಕೊಂಡಳು, ದನಿ ಥೇಟ್ ಅಣ್ಣನದು. ಕಳಕಮ್ಮ ಕಲ್ಲು ನಿಲ್ಲಿಸಿ ಹಿಟ್ಟಿನ ಕೈಯಿಂದಲೇ ಅವಳ ಬಾಯಿ ಮುಚ್ಚಿದಳು.

“ಸುಮ್ಮನಿರು. ಸಾಲಿ ಕಲಿಯೂ ಹುಡುಗಿ ನೀ. ಹಾಡಬ್ಯಾಡ.”

ನಾನು ನಿಂತಲ್ಲೇ ನಿಂತೆ. “ಕಳಕವ್ವಾ, ಹುಚ್ಚು ಹಿಡದೈತೇನ ನಿನಗ? ಈ ಕೂಸಿಗೆ ಎಲ್ಲಿ ವಜೀಫಾ ಐತಿ?” ಎಂದೆ.

“ಇವತ್ತ ಇಲ್ಲಣ್ಣಾ,” ಎಂದಳು ನನ್ನ ತಂಗಿ. “ನಾಳೆ ಬೇಕಾದೀತಲ್ಲ.”

ಎರಡೂ ಕಲಿಯಲಿ ಎಂದು ನನ್ನನ್ನು ಬೈದವಳು ಅವಳು. ಅವಳನ್ನು ತಾವು ಈ ಸ್ಥಿತಿಗೆ ತಂದಿರಿ. ತಮ್ಮ ನಿಯಮವನ್ನು ತಮ್ಮ ಸಿಪಾಯಿಗಳಿಗಿಂತ ನಿಷ್ಠೆಯಿಂದ ಪಾಲಿಸುವ ಹೆಂಗಸು ಈಗ ಯಲಬುರ್ಗಾದಲ್ಲಿದ್ದಾಳೆ, ಸಂಬಳವನ್ನೂ ಕೇಳುವುದಿಲ್ಲ. ಅಭಿನಂದನೆಗಳು.

ಆದ್ದರಿಂದ ನಾನು ಕೇಳುವುದು ಒಂದು ಕಾಗದ. ಶಾಲೆಗೆ ಹೋಗುವ ಮಗು ಹಾಡಿದರೆ ಸರ್ಕಾರದ ಅಡ್ಡಿಯಿಲ್ಲ ಎಂದು ಅದರಲ್ಲಿ ಬರೆದಿರಬೇಕು. ಅದು ಕನ್ನಡದಲ್ಲಿರಬೇಕು, ಓದಿ ಹೇಳಿದರೆ ನನ್ನ ತಂಗಿಗೆ ಅರ್ಥವಾಗುವಂತಿರಬೇಕು. ಕೆಳಗೆ ತಮ್ಮ ಮೊಹರು ಇರಬೇಕು, ಯಾಕೆಂದರೆ ಮೊಹರು ಇಲ್ಲದೆ ನಾನು ಬಾಯಿಮಾತಿನಲ್ಲಿ ಹೇಳಿದ್ದನ್ನು ಅವಳು ನಂಬುತ್ತಿಲ್ಲ. ಉಮಾಪತಿಯ ಹೆಸರು ಅದರಲ್ಲಿ ಬೇಡ. ತಪ್ಪಾಯಿತು ಎಂಬ ಮಾತೂ ಬೇಡ. ತಾವು ಇದನ್ನು ಕಳಿಸುವುದಿಲ್ಲ ಎಂದು ನನಗೆ ಗೊತ್ತು. ಆ ಕಾಗದ ಬರುವವರೆಗೆ ಆ ಮನೆಯಲ್ಲಿ ಜೋಳ ಬೀಸುವುದು ನಡೆದೇ ಇರುತ್ತದೆ, ಇಬ್ಬರೂ ಬಾಯಿ ಬಿಗಿಹಿಡಿದು ಬೀಸುತ್ತಾರೆ.

ಇಂತಿ,
ಉತ್ತರ ಬರುವುದಿಲ್ಲವೆಂದು ತಿಳಿದೂ ವಿಳಾಸ ಬರೆದಿರುವ,
ವಿರುಪಣ್ಣ
ಭತ್ತದ ಅಡತಿ ಅಂಗಡಿ, ಗಂಗಾವತಿ